ತೊಂಬತ್ತೊಂಬತ್ತಕ್ಕೆ ನಿಂತ ಸಾಕ್ಷಿ

ಕಂತು ಏಳು

ಶವಪರೀಕ್ಷೆಯ ವೈದ್ಯರು ಮೇಷ್ಟ್ರ ಕೆನ್ನೆಯೊಳಗಿನಿಂದ ಹೊರತೆಗೆದದ್ದು ಹಲ್ಲಲ್ಲ, ಕೀಬೋರ್ಡಿನ ಒಂದು ಕೀ.

"ಎಂಟರ್ ಕೀ," ಎಂದರು ಇನ್ಸ್‌ಪೆಕ್ಟರ್, ಸಣ್ಣ ಪ್ಲಾಸ್ಟಿಕ್ ಚೀಲವನ್ನು ಬೆಳಕಿಗೆ ಹಿಡಿದು. "ಹೆಸರಿಗೆ ತಕ್ಕ ಹಾಗೆ ಒಳಗೇ ಹೋಗಿದೆ."

ತಿಗಣೆ ನಗಲಿಲ್ಲ. ತಂತ್ರಾಂಶದ ಸಂದುಗೊಂದಿಗಳಲ್ಲಿ ಅಡಗಿರುವ ದೋಷ ಹುಡುಕಿ ಕಚ್ಚುವುದು ಅವಳ ಕಸುಬು. ಆ ಅಡ್ಡಹೆಸರು ಇಟ್ಟವರೂ ಮೇಷ್ಟ್ರೇ. ಹತ್ತು ವರ್ಷ ಕೆಲಸ ಕಲಿಸಿದ ಆ ಮನುಷ್ಯ ನಿನ್ನೆ ಸಂಜೆ ಆಫೀಸಿನ ಕೋಣೆಯಲ್ಲೇ ತಲೆ ಒಡೆಸಿಕೊಂಡು ಸತ್ತಿದ್ದರು. ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಎರಡೂ ಕೈಯಲ್ಲಿ ಹಿಡಿದು ಹೆಣದ ಪಕ್ಕದಲ್ಲಿ ನಿಂತಿದ್ದವನು ಅದೇ ಆಫೀಸಿನಲ್ಲಿ ಕೆಲಸ ಮಾಡುವ ಅವಳ ಒಡಹುಟ್ಟಿದ ತಮ್ಮ.

"ಕಾಲಿಗೆ ತೊಡರಿತು, ಎತ್ತಿಟ್ಟೆ ಅಂತಾನೆ," ಎಂದರು ಇನ್ಸ್‌ಪೆಕ್ಟರ್. "ಸಿಲಿಂಡರ್ ಮೇಲೆ ಅವನ ಬೆರಳಚ್ಚು ಬಿಟ್ರೆ ಬೇರೆ ಯಾರದ್ದೂ ಇಲ್ಲ. ನಾಲ್ಕೂವರೆ ತನಕ ನಿಮಗೆ ಟೈಮ್ ಕೊಟ್ಟಿದ್ದೀನಿ. ಆಮೇಲೆ ತಪ್ಪೊಪ್ಪಿಗೆಗೆ ಸಹಿ ತಗೊಂಡು ಮೇಲಿನವರಿಗೆ ಕಳಿಸ್ತೀನಿ."

"ಅವನು ಸಹಿ ಹಾಕಲ್ಲ."

"ಹಾಕ್ತಾನಮ್ಮ. ಬಲಗೈ ಇನ್ನೂ ಚೆನ್ನಾಗಿದೆ."

"ಎಡಗೈ?"

ಇನ್ಸ್‌ಪೆಕ್ಟರ್ ಪೆನ್ಸಿಲ್ಲಿನ ತುದಿಯನ್ನು ನಾಲಗೆಗೆ ಮುಟ್ಟಿಸಿದರು. ಜೇಬಿನ ಪುಟ್ಟ ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಳ್ಳುವುದು ಅವರ ಚಟ.

"ಅವನದ್ದೂ ತಪ್ಪಿದೆ," ಎಂದರು. "ನಮ್ಮವರು ಬಾರಿಸ್ತಾ ಇದ್ರೆ ಮುಖದ ಮೇಲೇ ಆಕಳಿಸ್ತಾನೆ. ಪೇದೆಗಳಿಗೆ ಉರಿಯಲ್ವಾ? ಇನ್ನೆರಡು ಬಿತ್ತು. ಇನ್ನೂ ದೊಡ್ಡದಾಗಿ ಆಕಳಿಸಿದ. ಒಂದು ಹಲ್ಲು ಹೋಯ್ತು."

"ಅದು ಕೊಬ್ಬಲ್ಲ ಸಾಹೇಬ್ರೇ. ನಮ್ಮ ಮನೇಲಿ ಹೆದರಿದ್ರೆ ಎಲ್ಲರಿಗೂ ಆಕಳಿಕೆ ಬರುತ್ತೆ. ಅಪ್ಪ ಆಪರೇಷನ್ ಕೋಣೆಗೆ ಹೋಗುವಾಗ ಆಕಳಿಸಿ ಆಕಳಿಸಿ ದವಡೆ ಹಿಡ್ಕೊಂಡಿತ್ತು. ಇವನು ಶಾಲೆಯಲ್ಲಿ ಏಟು ತಿಂದದ್ದೆಲ್ಲ ಇದಕ್ಕೇ."

"ಹಾಗಾ," ಎಂದು ಇನ್ಸ್‌ಪೆಕ್ಟರ್ ಅದನ್ನೂ ಬರೆದುಕೊಂಡರು.

ಗೋಡೆಯ ಗಡಿಯಾರದಲ್ಲಿ ಮೂರೂ ಹನ್ನೆರಡು. ಕೊಲೆಯ ನಂತರ ಪೊಲೀಸರು ಆಫೀಸಿನ ಜಾಲವನ್ನೆಲ್ಲ ಮುಚ್ಚಿಸಿದ್ದರಿಂದ ಕೆಲಸ ಮಾಡಲು ಉಳಿದಿದ್ದ ಜಾಗ ಇದೊಂದೇ. ಹೆಸರು ಸರ್ವರ್ ಕೋಣೆ, ಸರ್ವರಿಗೂ ಪ್ರವೇಶವಿಲ್ಲ. ಆಳೆತ್ತರದ ಕಬ್ಬಿಣದ ಕಪಾಟುಗಳು, ಅವುಗಳ ಹೊಟ್ಟೆಯೊಳಗೆ ಸದಾ ಗುಂಯ್‌ಗುಡುವ ಫ್ಯಾನುಗಳು, ಕರುಳಿನಂತೆ ಇಳಿಬಿದ್ದ ನೀಲಿ ಕೇಬಲ್ಲುಗಳು, ನಡುವೆ ಒಂದು ಮೇಜು, ಒಂದು ಪರದೆ.

"ಈಗ ದಡ್ಡನಿಗೆ ಹೇಳೋ ಹಾಗೆ ಹೇಳಿ," ಎಂದರು ಇನ್ಸ್‌ಪೆಕ್ಟರ್. "ಏನು ಹುಡುಕ್ತಾ ಇದ್ದೀರಿ?"

"ಮೇಷ್ಟ್ರು ಸಾಯುವಾಗ ಅವರ ಕ್ಯಾಮೆರಾ ಓಡ್ತಾ ಇತ್ತು. ಆ ವಿಡಿಯೋ."

ಕಂಪನಿ ನಡೆಸುತ್ತಿದ್ದದ್ದು ಒಂದೇ ವೆಬ್‌ಸೈಟು. ಕಾರ್ಖಾನೆಗಳಲ್ಲಿ ಗಾಯಗೊಂಡವರು ವಿಡಿಯೋ ತೆಗೆದು ಅದರಲ್ಲಿ ಹಾಕಬೇಕು. ಅದನ್ನು ನೋಡಿ ಪರಿಹಾರ ತೀರ್ಮಾನವಾಗುತ್ತದೆ. ಆರು ವಾರದಿಂದ ದೊಡ್ಡ ವಿಡಿಯೋ ಯಾವುದೂ ಸೇರುತ್ತಿರಲಿಲ್ಲ. ಎಷ್ಟು ಸೇರಿತೆಂದು ತೋರಿಸುವ ಹಸಿರು ಪಟ್ಟಿ ಸರಸರನೆ ಓಡಿ ಶೇಕಡಾ ತೊಂಬತ್ತೊಂಬತ್ತಕ್ಕೆ ಬಂದು ನಿಲ್ಲುತ್ತಿತ್ತು. ಬೆರಳು ಕಳೆದುಕೊಂಡವರು ಉಳಿದ ಬೆರಳಿನಿಂದ ಮತ್ತೆ ಮತ್ತೆ ಒತ್ತುತ್ತಿದ್ದರು. 'ಸಾಕ್ಷಿ ತಲುಪಿಲ್ಲ' ಎಂದು ಅವರ ಅರ್ಜಿಗಳು ಬಿದ್ದುಹೋಗುತ್ತಿದ್ದವು.

"ನಿನ್ನೆ ಮಧ್ಯಾಹ್ನ ಮೇಷ್ಟ್ರು ನನಗೆ ಹೇಳಿದ್ರು," ಎಂದಳು ತಿಗಣೆ. ಮರುಕ್ಷಣ ಅವಳ ಗಂಟಲಿನಿಂದ ಬಂದದ್ದು ಅವಳ ದನಿಯಲ್ಲ. ಒಂದು ಒಣ ಕೆಮ್ಮು, ಆಮೇಲೆ ಹಳೆಯ ಬಾಗಿಲಿನಂತೆ ಕಿರುಗುಟ್ಟುವ ಐವತ್ತೆಂಟು ವರ್ಷದ ಕಂಠ. "'ನಾಲ್ಕರ ಮೇಲೆ ಕ್ಯಾಮೆರಾ ಹಚ್ಕೊಂಡು ಕೂರ್ತೀನಿ ಕಣೆ ತಿಗಣೆ. ನನ್ನ ಮುಖವನ್ನೇ ಕಳಿಸ್ತೀನಿ. ಎಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ ನೋಡೇಬಿಡ್ತೀನಿ.'"

ಇನ್ಸ್‌ಪೆಕ್ಟರ್ ಬೆಚ್ಚಿ ಚೀಲ ಕೆಳಗೆ ಬೀಳಿಸಿದರು. ಬೆಳಿಗ್ಗೆ ಆ ಮನುಷ್ಯನ ಬಾಯಿ ಹೊಲಿದದ್ದನ್ನು ಅವರು ಕಣ್ಣಾರೆ ನೋಡಿದ್ದರು.

"ಹಾಗೆಲ್ಲ ಅವರ ದನಿ ತೆಗೀಬೇಡಿ," ಎಂದು ಚೀಲ ಎತ್ತಿಕೊಂಡರು. "ನಿಮ್ಮ ವಿಡಿಯೋಗಳ ಪಟ್ಟಿ ನಾವೂ ನೋಡಿದ್ವಿ. ಮೇಷ್ಟ್ರ ವಿಡಿಯೋ ಅಂತ ಯಾವುದೂ ಇಲ್ಲ."

"ಪಟ್ಟಿಗೆ ಬಂದಿಲ್ಲ. ಒಳಗೆ ಬಂದಿದೆ. ದೊಡ್ಡ ವಿಡಿಯೋನ ಇಡಿಯಾಗಿ ಕಳಿಸೋಕಾಗಲ್ಲ. ಹತ್ತು ಹತ್ತು ಸೆಕೆಂಡಿಗೆ ತುಂಡು ಮಾಡಿ, ಒಂದೊಂದಕ್ಕೂ ನಂಬರ್ ಹಾಕಿ ಕಳಿಸ್ತೀವಿ. ತುಂಡುಗಳು ಮೊದಲು ಬಂದು ಕೂರೋದು ಒಂದು ಕಾಯುವ ಕೋಣೇಲಿ. ಎಲ್ಲಾ ಬಂತು ಅಂತ ಗೊತ್ತಾದ್ಮೇಲೆ ಜೋಡಿಸಿ ಪಟ್ಟಿಗೆ ಸೇರಿಸೋದು."

"ಸರಿ."

"ಕಳಿಸೋ ಪ್ರೋಗ್ರಾಂ ಸೊನ್ನೆಯಿಂದ ನಂಬರ್ ಹಾಕುತ್ತೆ. ಮೂರು ತುಂಡಿದ್ರೆ ಸೊನ್ನೆ, ಒಂದು, ಎರಡು. ಜೋಡಿಸೋ ಪ್ರೋಗ್ರಾಂ ಒಂದರಿಂದ ಎಣಿಸ್ತಿದೆ. ಒಂದು ಬಂತು, ಎರಡು ಬಂತು, ಮೂರೆಲ್ಲಿ ಅಂತ ಕೇಳುತ್ತೆ. ಮೂರು ಅನ್ನೋ ನಂಬರಿನ ತುಂಡೇ ಹುಟ್ಟಿಲ್ಲ. ಅದಕ್ಕೇ ತೊಂಬತ್ತೊಂಬತ್ತಕ್ಕೆ ನಿಂತು ಕಾಯ್ತಾ ಇರುತ್ತೆ."

ಇನ್ಸ್‌ಪೆಕ್ಟರ್ ಪೆನ್ಸಿಲ್ ನೆಕ್ಕಿದರು. "ಅಂದ್ರೆ ಮೂರು ಜನ ಪ್ರಯಾಣಿಕರೂ ಬಸ್ಸು ಹತ್ತಿ ಕೂತಿದ್ದಾರೆ. ಡ್ರೈವರ್ ಮಾತ್ರ ಇನ್ನೊಬ್ಬ ಬರ್ಬೇಕು ಅಂತ ಹೊರಡ್ತಾ ಇಲ್ಲ."

"ಅಷ್ಟೇ. ನೀವು ದಡ್ಡರಲ್ಲ."

"ಮೇಲಿನವರಿಗೆ ಹೇಳ್ಬೇಡಿ."

"ಆದ್ರೆ ಆ ಕೋಣೇಲಿ ಯಾರನ್ನೂ ಇಪ್ಪತ್ನಾಲ್ಕು ಗಂಟೆ ಮೇಲೆ ಕೂರಿಸಲ್ಲ. ಗುಡಿಸೋ ಪ್ರೋಗ್ರಾಂ ಒಂದಿದೆ, ಅದು ಬಂದು ಪೂರ್ತಿ ಅಳಿಸಿಹಾಕುತ್ತೆ. ಮೇಷ್ಟ್ರು ನಿನ್ನೆ ನಾಲ್ಕರ ಮೇಲೆ ಶುರುಮಾಡಿದ್ರು. ಇವತ್ತು ನಾಲ್ಕರ ಮೇಲೆ ಅದು ಇರಲ್ಲ. ನಿಮ್ಮ ನಾಲ್ಕೂವರೆ ತನಕ ಕೂತ್ರೆ ನನ್ನ ತಮ್ಮನಿಗೆ ಹಗ್ಗವೇ ಗತಿ."

ಮಾತಾಡುತ್ತಲೇ ಅವಳ ಬೆರಳು ಓಡುತ್ತಿದ್ದವು. ದಾಖಲೆ ಓದುವುದೆಂದರೆ ಲಾಗ್ ಓದುವುದು, ಲಾಗ್ ಓದುವುದೆಂದರೆ ಲಾಗ ಹಾಕುವುದು. ತಲೆ ಕೆಳಗು ಮಾಡಿ ಹೊಸದರಿಂದ ಹಳೆಯದಕ್ಕೆ ಹೋಗಬೇಕು. ಆ ಎಣಿಕೆಯ ಸಾಲನ್ನು ಯಾರು ಯಾವಾಗ ತಿದ್ದಿದರು ಎಂಬ ಪಟ್ಟಿ ಪರದೆಯ ಮೇಲೆ ಬಂತು. ಆರು ವಾರದ ಹಿಂದೆ ಸೊನ್ನೆಯನ್ನು ಒಂದು ಮಾಡಿದವನ ಹೆಸರು ಅಲ್ಲಿತ್ತು.

"ನಿಮ್ಮ ತಮ್ಮ," ಎಂದು ಇನ್ಸ್‌ಪೆಕ್ಟರ್ ಓದಿದರು.

"ಅವನ ಹೆಸರಲ್ಲಿ ಬೇರೆಯವರು. ಇಲ್ಲಿ ಎಲ್ಲರ ಪಾಸ್‌ವರ್ಡೂ ಎಲ್ಲರಿಗೂ ಗೊತ್ತು. ಬಾಗಿಲ ಹೊರಗೆ ಬಿಟ್ಟ ಚಪ್ಪಲಿ ಇದ್ದ ಹಾಗೆ. ಅರ್ಜೆಂಟಾದ್ರೆ ಯಾರದ್ದೋ ಮೆಟ್ಕೊಂಡು ಹೋಗ್ತಾರೆ." ಅವಳು ಆ ಸಾಲಿನ ಮೇಲೆ ನಿಲ್ಲದೆ ಮುಂದೆ ಸರಿದಳು. "ಇದನ್ನ ನೋಡಿ. ನಿನ್ನೆ ನಾಲ್ಕೂ ಹನ್ನೆರಡಕ್ಕೆ ಮೇಷ್ಟ್ರು ಒಂದನ್ನ ತಿದ್ದಿ ಸೊನ್ನೆ ಮಾಡಿದ್ದಾರೆ. ಸರಿಹೋಯ್ತು. ನಾಲ್ಕೂ ಇಪ್ಪತ್ನಾಲ್ಕಕ್ಕೆ ಅದೇ ಯಂತ್ರದಿಂದ ಮತ್ತೆ ಸೊನ್ನೆ ಹೋಗಿ ಒಂದಾಗಿದೆ. ಸರಿಮಾಡಿದವರು ಹನ್ನೆರಡೇ ನಿಮಿಷದಲ್ಲಿ ಮತ್ತೆ ಯಾಕೆ ಕೆಡಿಸ್ತಾರೆ?"

"ಬೇರೆ ಯಾರೋ ಆ ಕುರ್ಚೀಲಿ ಕೂತಿದ್ರು."

"ಕೂತವನು ನಮ್ಮವನೇ. ಯಾವ ಸಾಲು ಅಂತ ಹೊರಗಿನವರಿಗೆ ಗೊತ್ತಿರಲ್ಲ."

ಅವಳು ಕಾಯುವ ಕೋಣೆಯನ್ನು ತೆರೆದಳು. ಒಂದೊಂದು ವಿಡಿಯೋಗೂ ಹೆಬ್ಬೆರಳ ಉಗುರಿನಷ್ಟು ಚಿತ್ರ, ಕೆಳಗೆ ಬರೀ ಅಂಕಿಗಳು. ಹೆಬ್ಬೆರಳಿಲ್ಲದ ಕೈಗಳ ಉಗುರಿನಷ್ಟು ಚಿತ್ರಗಳು. ಒತ್ತುಯಂತ್ರದಲ್ಲಿ ಚಪ್ಪಟೆಯಾದ ಅಂಗೈ. ಕುದಿಯುವ ಎಣ್ಣೆ ಎರಚಿ ಸಿಪ್ಪೆ ಸುಲಿದ ಕುತ್ತಿಗೆ. ಒಂದು ಕಣ್ಣು, ಪಕ್ಕದಲ್ಲಿ ಇನ್ನೊಂದು ಕಣ್ಣಿರಬೇಕಾದ ಹಳ್ಳ. ಒಂದೇ ದಿನದ ಬಾಬತ್ತು, ಮುನ್ನೂರಕ್ಕೂ ಹೆಚ್ಚು. ಇನ್ಸ್‌ಪೆಕ್ಟರ್ ಮೂವತ್ತು ವರ್ಷ ಹೆಣ ನೋಡಿದವರು, ಮುಖ ಪಕ್ಕಕ್ಕೆ ತಿರುಗಿಸಿದರು.

ಅವಳು ಹುಡುಕುತ್ತಿದ್ದದ್ದು ಗಾಯವಲ್ಲ. ಮೇಷ್ಟ್ರು ಒಂದು ನಿಯಮ ಮಾಡಿದ್ದರು. ಒಂದಕ್ಷರ ಬದಲಾಯಿಸಿದರೂ ಸರಿ, ಪರೀಕ್ಷೆ ಮಾಡದೆ ಯಾರೂ ಕುರ್ಚಿ ಬಿಟ್ಟು ಏಳುವಂತಿಲ್ಲ. ಪರೀಕ್ಷೆಗೆ ಪ್ರತಿಯೊಬ್ಬರಿಗೂ ಅವರವರದೇ ಒಂದು ವಿಡಿಯೋ. ಕಸ ಯಾರದ್ದೆಂದು ತಿಳಿಯಬೇಕಲ್ಲ. ಮೇಷ್ಟ್ರದ್ದು ಟೀ ಆರುತ್ತಿರುವ ಲೋಟ. ತಿಗಣೆಯದು ತಿರುಗುವ ಫ್ಯಾನು. ಅವಳ ತಮ್ಮನದು ಅವನದೇ ಆಕಳಿಕೆ, ಕೊನೆಯಲ್ಲಿ ದವಡೆ ಲಟಕ್ ಎನ್ನುವ ತನಕ. ಇಲ್ಲಿ ಕೆಲಸ ಕಲಿತವರಿಗೆ ಅದು ಉಸಿರಾಟದಂತೆ ಅಂಟಿತ್ತು. ಕೈ ತಿದ್ದಿದ ಕೂಡಲೇ ಕೈ ತಾನಾಗಿ ಪರೀಕ್ಷಿಸುತ್ತಿತ್ತು.

"ಸಿಕ್ತು," ಎಂದಳು.

ನಿನ್ನೆ ನಾಲ್ಕೂ ಇಪ್ಪತ್ತಾರು. ಮೇಷ್ಟ್ರ ಯಂತ್ರ. ಉಗುರಿನಷ್ಟು ಚಿತ್ರದಲ್ಲಿ ಮದುವೆಯ ಬಟ್ಟೆ ತೊಟ್ಟ ಗಂಡುಹೆಣ್ಣು, ಹಿಂದೆ ನಿಂತ ಹೆಣ್ಣಿನ ತಂದೆಯ ತಲೆ ಮಾತ್ರ ಚೌಕಟ್ಟಿನಿಂದ ಆಚೆ. ಎಂಟು ವರ್ಷದಿಂದ ಅದೇ ವಿಡಿಯೋ. ಮಾವನ ತಲೆ ತೆಗೆದುಬಿಟ್ಟಿದ್ದಾನೆ ಎಂದು ಆಫೀಸಿನಲ್ಲಿ ಎಲ್ಲರೂ ನಗುತ್ತಿದ್ದರು.

"ಇದು ಮೇಷ್ಟ್ರ ಅಳಿಯನ ಮದುವೆ," ಎಂದಳು. "ಕೊಂದು, ಕೆಡಿಸಿ, ಕೆಟ್ಟಿದೆಯಾ ಅಂತ ಪರೀಕ್ಷೆ ಮಾಡಿ ಹೋಗಿದ್ದಾನೆ."

ಅಳಿಯ ಎಂದರೆ ಒಬ್ಬಳೇ ಮಗಳ ಗಂಡ. ಈ ಕೋಣೆಯ ಯಂತ್ರಗಳ ಉಸ್ತುವಾರಿ ಅವನದು. ಇಲ್ಲಿ ಏನನ್ನಾದರೂ ತೆಗೆಯುವುದಕ್ಕೆ, ಅಳಿಸುವುದಕ್ಕೆ ಅವನೊಬ್ಬನಿಗೇ ಅಧಿಕಾರ. ಅಳಿಸುವವನೇ ಅಳಿಯ ಎಂದು ಮೇಷ್ಟ್ರೇ ಚುಡಾಯಿಸುತ್ತಿದ್ದರು.

ಅದೇ ಯಂತ್ರದ ಇನ್ನೊಂದು ವಿಡಿಯೋ ಎರಡು ಸಾಲು ಮೇಲಿತ್ತು. ನಾಲ್ಕೂ ಐದಕ್ಕೆ ಶುರು. ಚಿತ್ರದಲ್ಲಿ ಕ್ಯಾಮೆರಾ ಸರಿಮಾಡಲು ಬಾಗಿದ ಮೇಷ್ಟ್ರ ದಪ್ಪ ಕನ್ನಡಕ.

"ಇನ್ನೂರ ಹತ್ತು ತುಂಡು. ಸೊನ್ನೆಯಿಂದ ಇನ್ನೂರ ಒಂಬತ್ತರ ತನಕ, ಒಂದೂ ತಪ್ಪಿಲ್ಲ. ಮೂವತ್ತೈದು ನಿಮಿಷ."

"ನಾಲ್ಕೂ ಐದರಿಂದ ನಾಲ್ಕೂ ನಲವತ್ತು," ಎಂದು ಇನ್ಸ್‌ಪೆಕ್ಟರ್ ಲೆಕ್ಕ ಹಾಕಿ ಬರೆದುಕೊಂಡರು. "ಕಾವಲುಗಾರ ನಿಮ್ಮ ತಮ್ಮನ್ನ ನೋಡಿ ಕಿರುಚಿ ಓಡುವಾಗ ವಿದ್ಯುತ್ ತಂತಿಗೆ ಕಾಲು ತೊಡರಿ ಯಂತ್ರ ಆರಿದ್ದು ಆಗಲೇ. ಹಾಕಿ, ನೋಡೋಣ."

"ನನಗೆ ಕಾಣುತ್ತೆ ಅಷ್ಟೇ, ತೆಗೆಯೋಕಾಗಲ್ಲ. ಅಳಿಯನ ಕೊರಳಲ್ಲಿರೋ ಕಾರ್ಡ್ ಯಂತ್ರಕ್ಕೆ ಹಾಕ್ಬೇಕು."

ಮೂರೂ ಐವತ್ತೈದು. ಅಳಿಯ ಕೆಳಗಿನ ಅಂಗಳದಲ್ಲಿ ಅತ್ತೆಯ ತಲೆಯನ್ನು ಭುಜಕ್ಕೆ ಒರಗಿಸಿಕೊಂಡು ಬೆಳಗಿನಿಂದ ಅಳುತ್ತ ಕುಳಿತಿದ್ದ. ಇನ್ಸ್‌ಪೆಕ್ಟರ್ ಸೊಂಟದ ಪಟ್ಟಿ ಏರಿಸಿಕೊಂಡು ತಾವೇ ಮೆಟ್ಟಿಲಿಳಿದರು.

ಅವರು ಕಟ್ಟಡದ ಮುಂಭಾಗದ ಮೆಟ್ಟಿಲಲ್ಲಿ ಇಳಿದರು, ಅಳಿಯ ಹಿಂಭಾಗದ ಮೆಟ್ಟಿಲಲ್ಲಿ ಹತ್ತಿದ.

ಬಾಗಿಲಲ್ಲಿ ಕಾರ್ಡ್ ಪೀಂ ಎಂದಿತು. ತೆರೆಯಿತು, ಮುಚ್ಚಿತು, ಮತ್ತೊಮ್ಮೆ ಪೀಂ ಎಂದಿತು. ಒಳಗಿನಿಂದ ಬೀಗ.

"ಏನಕ್ಕಾ, ಇನ್ನೂ ಇಲ್ಲೇ ಇದ್ದೀರಾ," ಎಂದ ಅಳಿಯ. ಮೆತ್ತನೆಯ ದನಿ, ಅತ್ತು ಊದಿದ ಕಣ್ಣು, ಕೊರಳಲ್ಲಿ ತೂಗುವ ಕಾರ್ಡ್. "ಊಟ ಆಯ್ತಾ?"

"ಆಯ್ತು. ಮದುವೆ ಊಟ."

"ಯಾರದ್ದು?"

"ನಿಮ್ದೇ. ನಿನ್ನೆ ನಾಲ್ಕೂ ಇಪ್ಪತ್ತಾರಕ್ಕೆ ಇನ್ನೊಂದ್ಸಲ ಆಯ್ತಲ್ಲ."

ಅವನು ಪರದೆ ನೋಡಿದ. ಗಡಿಯಾರ ನೋಡಿದ. ಕಪಾಟಿನಿಂದ ಇಳಿಬಿದ್ದಿದ್ದ ನೀಲಿ ಕೇಬಲ್ ಒಂದನ್ನು ನಿಧಾನವಾಗಿ ಕಿತ್ತು, ಎರಡೂ ಅಂಗೈಗೆ ಒಂದೊಂದು ಸುತ್ತು ಸುತ್ತಿಕೊಂಡ.

"ಒಂಬತ್ತು ನಿಮಿಷ ಸುಮ್ನೆ ಕೂತ್ಕೊಳ್ಳಿ ಅಕ್ಕ. ನಾನು ಅಳಿಸಿದ್ರೆ ಲಾಗಲ್ಲಿ ನನ್ನ ಹೆಸರು ಬೀಳುತ್ತೆ. ಅದು ತಾನಾಗೇ ಹೋಗುತ್ತೆ. ನಾನು ಏನೂ ಮುಟ್ಟಬೇಕಾಗಿಲ್ಲ, ನಿಮ್ಮನ್ನೂ."

"ಕಾರ್ಡ್ ಕೊಡು."

"ಕಾರ್ಖಾನೆಯವರು ಕೇಳಿದ್ದು ಒಂದೇ ಒಂದು ಸಾಲು ಅಕ್ಕ. ಒಂದೇ ಒಂದು ಅಂಕಿ. ಅದಕ್ಕೆ ಮಾವನವರು ಪೊಲೀಸು, ಪೇಪರು ಅಂತ ಎದ್ದು ನಿಂತ್ರೆ ನಾನೇನು ಮಾಡ್ಲಿ?"

ಅವಳು ಕಾರ್ಡಿಗೆ ಕೈ ಹಾಕಿದಳು. ಅವನು ಅವಳ ತಲೆಗೂದಲು ಹಿಡಿದು ಮುಖವನ್ನು ಕಪಾಟಿನ ಅಂಚಿಗೆ ಅಪ್ಪಳಿಸಿದ. ಮೂಗಿನೊಳಗೆ ಏನೋ ಪಟಕ್ಕೆಂದು ಮುರಿದು ಬಿಸಿಯಾದದ್ದು ಬಾಯಿಗೆ ಇಳಿಯಿತು. ಎರಡನೆಯ ಸಲ ಅಪ್ಪಳಿಸಿದಾಗ ಹುಬ್ಬು ಸೀಳಿತು. ಮೂರನೆಯದಕ್ಕೆ ಅವಳು ಮೊಣಕೈಯಿಂದ ಅವನ ಹೊಟ್ಟೆಗೆ ಗುದ್ದಿ ತಿರುಗಿದಳು. ಕುರ್ಚಿ ಉರುಳಿತು. ಅವನು ಅದರ ಮೇಲೆ ಎಡವಿ ಬಿದ್ದ, ಬಿದ್ದಲ್ಲಿಂದಲೇ ಅವಳ ಕಾಲೆಳೆದು ಕೆಡವಿ, ಬೆನ್ನ ಮೇಲೆ ಮಂಡಿಯೂರಿ, ಕೇಬಲನ್ನು ಕುತ್ತಿಗೆಗೆ ಹಾಕಿ ಹಿಂದಕ್ಕೆ ಜಗ್ಗಿದ.

ತಿಗಣೆಗೆ ಗೊತ್ತಿದ್ದ ಒಂದೇ ವಿದ್ಯೆ ಕಚ್ಚುವುದು. ಕಚ್ಚಿದಳು. ಅವನ ಹೆಬ್ಬೆರಳ ಬುಡ ಹಲ್ಲಿಗೆ ಸಿಕ್ಕಿತು. ಮೂಳೆ ತಾಗುವ ತನಕ ಬಿಡಲಿಲ್ಲ. ಅವನು ಕೂಗಿದ, ಆದರೆ ಜಗ್ಗುವುದನ್ನು ನಿಲ್ಲಿಸಲಿಲ್ಲ. ಹೊರಗಿನಿಂದ ಯಾರೋ ಬಾಗಿಲು ಬಡಿಯತೊಡಗಿದರು. ಫ್ಯಾನುಗಳ ಗುಂಯ್‌ಗಾಟ ದೂರ ದೂರ ಸರಿಯಿತು. ಪರದೆಯ ಮೂಲೆಯ ಗಡಿಯಾರ ಮೂರೂ ಐವತ್ತೊಂಬತ್ತು ಎನ್ನುತ್ತಿತ್ತು.

ಕೇಬಲ್ಲಿನ ಕೆಳಗೆ ಎರಡು ಬೆರಳು ತೂರಿಸಿದಳು. ಅಷ್ಟು ಸಂದಿನಲ್ಲಿ ಎಷ್ಟು ಗಾಳಿ ಹೋಗುತ್ತದೋ ಅಷ್ಟನ್ನು ಎಳೆದುಕೊಂಡಳು. ಅದನ್ನು ಅವಳು ಉಸಿರಿಗೆ ಖರ್ಚು ಮಾಡಲಿಲ್ಲ.

ಒಂದು ಒಣ ಕೆಮ್ಮು. ಆಮೇಲೆ ಹಳೆಯ ಬಾಗಿಲಿನಂತೆ ಕಿರುಗುಟ್ಟುವ ಕಂಠ. ಕುತ್ತಿಗೆ ಬಿಗಿದಿದ್ದರಿಂದ ಅದು ಎಂದಿಗಿಂತ ಹೆಚ್ಚು ಮೇಷ್ಟ್ರದ್ದೇ ಆಗಿತ್ತು.

"ಬದಲಾಯಿಸಿದ್ಯೇನೋ ಅಳಿಯ? ಪರೀಕ್ಷೆ ಮಾಡಿದ್ಯಾ?"

ಎಂಟು ವರ್ಷ ದಿನಕ್ಕೆ ಹತ್ತು ಸಲ ಕೇಳಿದ ಪ್ರಶ್ನೆ. ಎಂಟು ವರ್ಷ ದಿನಕ್ಕೆ ಹತ್ತು ಸಲ ಕೊಟ್ಟ ಉತ್ತರ ಅವನ ಬಾಯಿಂದ ತಾನಾಗಿ ಹೊರಬಿತ್ತು.

"ಮಾಡಿದೆ ಮಾವ."

ಅಷ್ಟು ಹೊತ್ತು ಅವನ ಕೈ ಸಡಿಲವಾಗಿತ್ತು. ಕಪಾಟಿನ ಕೆಳಗೆ ಕೇಬಲ್ ಕತ್ತರಿಸುವ ಇಕ್ಕಳ ಬಿದ್ದಿತ್ತು. ತಿಗಣೆ ಅದನ್ನು ಎಳೆದುಕೊಂಡು ಕಿವಿಯ ಪಕ್ಕದಿಂದ ಹಿಂದಕ್ಕೆ ತೂರಿಸಿ, ಸಿಕ್ಕಿದ್ದನ್ನು ಕಚ್ಚಿಸಿ ಒತ್ತಿದಳು.

ಸಿಕ್ಕಿದ್ದು ಕಿರುಬೆರಳು. ಅವನ ಕೈಯ ಎಣಿಕೆಯಲ್ಲೂ ಒಂದು ವ್ಯತ್ಯಾಸವಾಯಿತು.

ಈ ಸಲ ಅವನ ಕೂಗು ಬಾಗಿಲಾಚೆಗೂ ಕೇಳಿಸಿತು. ಅವಳು ಇಕ್ಕಳದ ಹಿಡಿಯಿಂದಲೇ ಅವನ ಕಿವಿಯ ಮೇಲೆ ಹೊಡೆದಳು. ಇನ್ನೊಮ್ಮೆ ಹೊಡೆದಳು. ತಮ್ಮನ ಹಲ್ಲು ನೆನಪಾಗಿ ಬಾಯಿಯ ಮೇಲೆ ಹೊಡೆದಳು. ಅವನು ಕಪಾಟಿಗೆ ಒರಗಿ ಕುಸಿದ. ಕೊರಳ ದಾರ ಹರಿದು ಕಾರ್ಡ್ ಕಿತ್ತುಕೊಂಡು, ಮೊಣಕಾಲಲ್ಲೇ ಮೇಜಿನ ತನಕ ಹೋದಳು. ಕಾರ್ಡ್ ರಕ್ತದಿಂದ ಜಾರಿ ಎರಡು ಸಲ ಬಿತ್ತು. ಮೂರನೆಯ ಸಲ ಕೂತಿತು.

ನಾಲ್ಕೂ ಮೂರು. ಇನ್ನೂರ ಹತ್ತು ತುಂಡುಗಳು ಒಂದರ ಹಿಂದೊಂದು ಅವಳ ಪೆನ್‌ಡ್ರೈವಿಗೆ ಇಳಿಯತೊಡಗಿದವು. ನಾಲ್ಕೂ ನಾಲ್ಕಕ್ಕೆ ಕೊನೆಯದು ಇಳಿಯಿತು. ನಾಲ್ಕೂ ಐದಕ್ಕೆ ಕಾಯುವ ಕೋಣೆಯಲ್ಲಿ ಮೇಷ್ಟ್ರ ಕನ್ನಡಕ ಇದ್ದ ಜಾಗ ಖಾಲಿಯಾಯಿತು.

ಅದೇ ಹೊತ್ತಿಗೆ ಬಾಗಿಲು ಒಳಕ್ಕೆ ಬಿತ್ತು. ಒಡೆದದ್ದು ಇನ್ನೊಂದು ಕೆಂಪು ಸಿಲಿಂಡರಿನಿಂದ.

ಇನ್ಸ್‌ಪೆಕ್ಟರ್ ನೆಲ ನೋಡಿದರು, ಅಳಿಯನನ್ನು ನೋಡಿದರು, ಬೂಟಿನ ಬಳಿ ಬಿದ್ದಿದ್ದ ಬೆರಳನ್ನು ನೋಡಿದರು.

"ಯಾರದ್ದು?"

"ಸಾಕ್ಷಿ ನುಂಗಿದವನದ್ದು," ಎಂದಳು ತಿಗಣೆ. ಮಾತಿನೊಂದಿಗೆ ರಕ್ತವೂ ಬಂತು. "ಬನ್ನಿ, ನೋಡಿ."

ಫ್ಯಾನುಗಳ ಗದ್ದಲಕ್ಕೆ ಇಯರ್‌ಫೋನಿನ ಒಂದು ತುದಿ ಅವರ ಕಿವಿಗೆ, ಇನ್ನೊಂದು ಅವಳ ಕಿವಿಗೆ. ಇಬ್ಬರೂ ಬಾಗಿ ನೋಡಿದರು. ಮೇಷ್ಟ್ರು ಲೋಟದಿಂದ ಟೀ ಹೀರುತ್ತ ಟೈಪು ಮಾಡುತ್ತಿದ್ದರು. ಅವಳು ಮುಂದೆ ಓಡಿಸಿದಳು. ನಾಲ್ಕೂ ಹದಿನಾರಕ್ಕೆ ಅಳಿಯ ಬಂದ.

"ಕೈ ಕಾಲು ಕಳ್ಕೊಂಡವರ ಸಾಕ್ಷಿ ನುಂಗಿ ಕೂತಿದ್ಯಲ್ಲೋ," ಎನ್ನುತ್ತಿದ್ದರು ಮೇಷ್ಟ್ರು. "ನಾಳೆ ಬೆಳಿಗ್ಗೆ ನಾನೇ ಹೋಗಿ ದೂರು ಕೊಡ್ತೀನಿ."

ಅಳಿಯ ಮೇಜಿನ ಮೇಲಿನ ಕೀಬೋರ್ಡನ್ನು ಎತ್ತಿದ. ಅದರ ಅಂಚಿನಿಂದ ಒಮ್ಮೆ, ಹೊರಳಿಸಿ ಅದರ ಮುಖದಿಂದ ಒಮ್ಮೆ, ಕನ್ನಡಕ ಹಾರಿದ ಮೇಲೆ ಇನ್ನೊಮ್ಮೆ. ಮೇಷ್ಟ್ರು ಚೌಕಟ್ಟಿನಿಂದ ಕೆಳಗೆ ಜಾರಿದರು. ಮದುವೆಯ ವಿಡಿಯೋದಲ್ಲಿ ಮೇಲಿನಿಂದ ಕಾಣೆಯಾದ ತಲೆ ಇದರಲ್ಲಿ ಕೆಳಗಿನಿಂದ ಕಾಣೆಯಾಯಿತು. ಅಳಿಯ ಕುರ್ಚಿ ಸರಿಮಾಡಿ ಕೂತ. ಕೀಬೋರ್ಡನ್ನು ಅಂಗಿಯ ತುದಿಯಿಂದ ಒರೆಸಿ ಟೈಪು ಮಾಡಿದ. ಎಂಟರ್ ಕೀ ಇರಲಿಲ್ಲ. ಒಂದು ಕ್ಷಣ ಹುಡುಕಿ, ಬಲತುದಿಯ ಸಣ್ಣ ಎಂಟರ್ ಒತ್ತಿದ. ಪರೀಕ್ಷೆ ಮಾಡಿದ. ಹಸಿರು ಪಟ್ಟಿ ನಿಲ್ಲುವ ತನಕ ಕಾದು, ತಲೆದೂಗಿ, ಎದ್ದು ಹೋದ. ಸಮಯ ನಾಲ್ಕೂ ಇಪ್ಪತ್ತೆಂಟು.

ಇನ್ಸ್‌ಪೆಕ್ಟರ್ ಇಯರ್‌ಫೋನ್ ಕಿತ್ತು ಮೇಜಿನ ಮೇಲೆ ಇಟ್ಟರು.

"ಸಾಕು. ನಿಮ್ಮ ತಮ್ಮ ಬಚಾವ್." ಕೋಳ ತೆಗೆದುಕೊಂಡು ಅಳಿಯನ ಬಳಿ ಕುಕ್ಕರಗಾಲಲ್ಲಿ ಕೂತರು. "ಯಾವ ಕೈಗೆ ಹಾಕ್ಲಯ್ಯಾ? ಒಂದಕ್ಕೆ ಬಟ್ಟೆ ಕಟ್ಟಬೇಕು."

ತಿಗಣೆ ಮೇಜಿಗೆ ಹಣೆ ಒತ್ತಿದಳು. ರಾತ್ರಿಯಿಂದ ಅಮ್ಮ ಹನ್ನೊಂದು ಸಲ ಫೋನ್ ಮಾಡಿದ್ದಳು. ಪ್ರತಿ ಸಲವೂ ಒಂದೇ ಪ್ರಶ್ನೆ, ಅವನಿಗೆ ಹೊದಿಯೋಕೆ ಏನಾದ್ರೂ ಕೊಟ್ರಾ. ಈಗ ಹೇಳಬಹುದಿತ್ತು, ಮನೆಗೇ ಕರ್ಕೊಂಡು ಬರ್ತೀನಿ ಅಂತ.

"ಸಾಹೇಬ್ರೇ," ಎಂದ ಅಳಿಯ ಒಡೆದ ತುಟಿಯಲ್ಲಿ. "ಹೊಡೆದೆ, ಒಪ್ಕೋತೀನಿ. ನಾನು ಹೊರಟಾಗ ಅವರು ಬದುಕಿದ್ರು. ನೆಲದಲ್ಲಿ ಬಿದ್ಕೊಂಡೇ ನನ್ನ ಬೈತಾ ಇದ್ರು. ತಲೆ ಒಡೆದದ್ದು ಸಿಲಿಂಡರ್‌ನಿಂದ ಅಂತ ನಿಮ್ಮ ಡಾಕ್ಟರೇ ಬರೆದಿದ್ದಾರಲ್ಲ. ಸಿಲಿಂಡರ್ ಎಲ್ಲಿದೆ ಅದ್ರಲ್ಲಿ?"

ತಿಗಣೆಯ ಹಣೆ ಮೇಜಿನಿಂದ ಎದ್ದಿತು.

ವಿಡಿಯೋ ಇನ್ನೂ ಓಡುತ್ತಿತ್ತು. ಖಾಲಿ ಕುರ್ಚಿ, ರಕ್ತದ ಹನಿ ಒಣಗುತ್ತಿರುವ ಗೋಡೆ. ಮೇಜಿನ ಅಂಚಿಗೆ ಕೆಳಗಿನಿಂದ ಒಂದು ಕೈ ಬಂತು. ಹಿಡಿದುಕೊಂಡಿತು. ಮೇಷ್ಟ್ರ ತಲೆ ಮೇಲೆದ್ದಿತು. ಕೆನ್ನೆ ಹರಿದು ಜೋತಿತ್ತು, ಕಣ್ಣು ಮಾತ್ರ ಬಾಗಿಲ ಕಡೆ ತೀಕ್ಷ್ಣವಾಗಿ ನೋಡುತ್ತಿತ್ತು. ನಾಲ್ಕೂ ಮೂವತ್ತಮೂರು. ಯಾರೋ ಬಂದಿದ್ದರು. ಚೌಕಟ್ಟಿನ ಎಡತುದಿಯಲ್ಲಿ, ಸೊಂಟದೆತ್ತರಕ್ಕೆ, ಕೆಂಪಾದ ಏನೋ ಒಂದು ಅಲುಗಿತು.

"ಆರು ವಾರದ ಹಿಂದೆ ಅಳಿಯನ ಮಾತು ಕೇಳಿ ಆ ಸಾಲು ಬರೆದವನು ನೀನೇ ಅಂತ ಗೊತ್ತು ಕಣೋ," ಎಂದರು ಮೇಷ್ಟ್ರು. "ನಿಮ್ಮಕ್ಕನಿಗೆ ನಾನು ಹೇಳಲ್ಲ. ನೀನೇ ಹೇಳು."

ಉತ್ತರವಾಗಿ ಒಂದು ಆಕಳಿಕೆ ಕೇಳಿಸಿತು. ಉದ್ದವಾದ, ನಡುಗುವ ಆಕಳಿಕೆ. ಕೊನೆಯಲ್ಲಿ ದವಡೆ ಲಟಕ್ ಎಂದಿತು.

ತಿಗಣೆಯ ಬೆರಳು ಪರದೆಯನ್ನು ಅಲ್ಲಿಗೇ ನಿಲ್ಲಿಸಿತು.

ಇಯರ್‌ಫೋನಿನ ಇನ್ನೊಂದು ತುದಿ ಮೇಜಿನ ಮೇಲೆ ಬಿದ್ದಿತ್ತು. ಕಾಯುವ ಕೋಣೆಯಲ್ಲಿ ಅದರ ಜಾಗ ಖಾಲಿಯಾಗಿತ್ತು. ಲೋಕದಲ್ಲಿ ಈ ವಿಡಿಯೋ ಉಳಿದಿದ್ದದ್ದು ಅವಳ ಎಡಗೈ ಮುಚ್ಚಿಕೊಂಡಿದ್ದ ಆ ಕಿರುಬೆರಳಿನಷ್ಟು ಪೆನ್‌ಡ್ರೈವಿನಲ್ಲಿ ಮಾತ್ರ.

"ಏನಮ್ಮಾ," ಎಂದರು ಇನ್ಸ್‌ಪೆಕ್ಟರ್ ಹಿಂತಿರುಗದೆ, ಬಟ್ಟೆ ಬಿಗಿಯುತ್ತ. "ಇವನು ಹೇಳ್ತಾ ಇರೋದು ನಿಜಾನಾ? ಮುಂದೆ ಏನಿದೆ?"

"ಏನಿಲ್ಲ ಸಾಹೇಬ್ರೇ." ಅವಳ ದನಿ ಅವಳದೇ ಆಗಿತ್ತು. ಅದನ್ನು ಅಷ್ಟು ಕಷ್ಟಪಟ್ಟು ಅನುಕರಿಸಿದ್ದು ಇದೇ ಮೊದಲು. "ತೊಂಬತ್ತೊಂಬತ್ತಕ್ಕೆ ನಿಂತುಬಿಟ್ಟಿದೆ. ಮುಂದಕ್ಕೆ ಹೋಗ್ತಾ ಇಲ್ಲ."

"ಹಾಳು ರೋಗ. ಇದಕ್ಕೂ ಬಂತಾ."

ಅಳಿಯ ನಗತೊಡಗಿದ. ಬಾಯಿಂದ ರಕ್ತದ ಗುಳ್ಳೆ ಎದ್ದು ಒಡೆಯಿತು.

"ಸಾಹೇಬ್ರೇ, ಎಷ್ಟು ತುಂಡು ಅಂತ ಅಕ್ಕನ್ನ ಒಂದು ಮಾತು ಕೇಳಿ."

ಇನ್ಸ್‌ಪೆಕ್ಟರ್ ಗಂಟು ಹಾಕುವುದನ್ನು ನಿಲ್ಲಿಸಿದರು. ಎದ್ದು ನಿಂತು, ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ನಾಲಗೆಗೆ ಬೆರಳು ಮುಟ್ಟಿಸಿ ಹಾಳೆ ತಿರುವಿದರು.

"ಇನ್ನೂರ ಹತ್ತು," ಎಂದು ಓದಿದರು. "ಸೊನ್ನೆಯಿಂದ ಇನ್ನೂರ ಒಂಬತ್ತು. ಒಂದೂ ತಪ್ಪಿಲ್ಲ ಅಂತ ನೀವೇ ಹೇಳಿ, ನಾನೇ ಬರ್ಕೊಂಡಿದ್ದು." ಅವರ ಕಣ್ಣು ಪುಸ್ತಕದಿಂದ ಮೆಲ್ಲಗೆ ಮೇಲೆದ್ದಿತು. "ಎಲ್ಲರೂ ಬಸ್ಸಲ್ಲೇ ಇದ್ದಾರಲ್ಲಮ್ಮ. ಅದನ್ನ ಸ್ವಲ್ಪ ಈ ಕಡೆ ತಿರುಗಿಸಿ."

ತಿಗಣೆ ಎಡಗೈಯ ಮುಷ್ಟಿ ಬಿಗಿದಳು. ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ತೆರೆದ ಬಾಯಿ ತೆರೆಯುತ್ತಲೇ ಹೋಯಿತು. ತಡೆಯಲು ನೋಡಿದಳು, ತುಟಿ ಕಚ್ಚಿದಳು, ಅಂಗೈ ಅಡ್ಡ ಹಿಡಿದಳು. ಆಗಲಿಲ್ಲ. ಆಕಳಿಕೆ ಬಂದೇಬಿಟ್ಟಿತು, ಉದ್ದಕ್ಕೆ, ದವಡೆ ಲಟಕ್ ಎನ್ನುವ ತನಕ.

ಇನ್ಸ್‌ಪೆಕ್ಟರ್ ಪುಸ್ತಕವನ್ನು ಇನ್ನೂ ಎರಡು ಹಾಳೆ ಹಿಂದಕ್ಕೆ ತಿರುವಿದರು, ಆಕಳಿಕೆಯ ಮಾತು ಬರೆದುಕೊಂಡಿದ್ದಲ್ಲಿಗೆ.